ಧರ್ಮರಾಯನ ಆ ಒಂದು ಮಾತು: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಭಾವ: (ಫಾರ್ವರ್ಡ್ ಚಿತ್ರ) "ಅಶ್ವತ್ಥಾಮ ಸತ್ತ... ಆನೆ. ಒಂದೇ ಒಂದು ಸುಳ್ಳು ಹೇಳದೆ ದ್ರೋಣನನ್ನು ಗೆದ್ದ ಧರ್ಮರಾಯ. ಮಾತಿನ ಜಾಣ್ಮೆ ಅಂದರೆ ಇದು. ನಿಮ್ಮ ಮಕ್ಕಳಿಗೂ ಕಲಿಸಿ."

ಅತ್ತೆ: 🙏🙏

ಚಿಕ್ಕಪ್ಪ: ಚೆನ್ನಾಗಿದೆ

ನಾನು: ಭಾವ, ಇದನ್ನ ಮಾತ್ರ ಮಕ್ಕಳಿಗೆ ಕಲಿಸೋದು ಬೇಡ. ವ್ಯಾಸರು ಇದನ್ನ ಜಾಣ್ಮೆ ಅಂತ ಬರೆದೇ ಇಲ್ಲ. ಧರ್ಮರಾಯ ಹೇಗೆ ಆ ಮಾತಾಡಿದ ಅಂತ ದ್ರೋಣಪರ್ವದಲ್ಲಿ ಸ್ಪಷ್ಟವಾಗಿ ಇದೆ: ಸುಳ್ಳಿನ ಭಯದಲ್ಲಿ ಮುಳುಗಿದ್ದ, ಆದರೆ ಗೆಲುವಿನ ಮೇಲೆ ಮನಸ್ಸಿತ್ತು. ಅದಕ್ಕೇ 'ಆನೆ' ಅನ್ನೋದನ್ನ ಕೇಳಿಸದ ಹಾಗೆ ಹೇಳಿದ.

ಭಾವ: ಹೇಳಿದ ತಾನೆ? ಮಾಳವದ ಇಂದ್ರವರ್ಮನ ಆನೆ ಹೆಸರೂ ಅಶ್ವತ್ಥಾಮ, ಭೀಮ ಅದನ್ನ ಕೊಂದಿದ್ದೂ ನಿಜ. ಕೋರ್ಟಲ್ಲಿ ನಿಂತು ಹೇಳಿದ್ರೂ ಅದು ಸುಳ್ಳು ಸಾಕ್ಷಿ ಆಗಲ್ಲ.

ನಾನು: ದ್ರೋಣ ಕೇಳಿದ್ದು ಆನೆ ವಿಷಯನಾ ಭಾವ? ಮಗ ಬದುಕಿದ್ದಾನಾ ಅಂತ ಒಬ್ಬ ತಂದೆ ಕೇಳ್ತಿದ್ದಾನೆ. ಅವನು ಏನು ಕೇಳ್ತಿದ್ದಾನೆ ಅಂತ ಗೊತ್ತಿದ್ದೂ, ಅವನು ತಪ್ಪು ತಿಳೀಲಿ ಅಂತಲೇ ಕೊಟ್ಟ ಉತ್ತರ ಅದು. ಅಕ್ಷರ ಸರಿ ಇದ್ದ ಮಾತ್ರಕ್ಕೆ ಅದು ನಿಜ ಆಗಲ್ಲ.

ದೊಡ್ಡಪ್ಪ: ಮಗೂ, ಆವತ್ತಿನ ಯುದ್ಧ ಹೇಗಿತ್ತು ಅಂತ ಮರೀಬೇಡ. ಹದಿನೈದನೇ ದಿನ ಅದು. ಅಸ್ತ್ರವಿದ್ಯೆಯೇ ಗೊತ್ತಿಲ್ಲದ ಸೈನಿಕರ ಮೇಲೆ ದ್ರೋಣ ಬ್ರಹ್ಮಾಸ್ತ್ರ ಬಿಡ್ತಿದ್ದ. ಋಷಿಗಳೇ ಬಂದು, ನೀನು ಮಾಡ್ತಿರೋದು ಅಧರ್ಮ, ಶಸ್ತ್ರ ಕೆಳಗಿಡು ಅಂದರು. ಇನ್ನು ಅರ್ಧ ದಿನ ಹೀಗೇ ಹೋರಾಡಿದರೆ ನಿನ್ನ ಸೇನೆಯೇ ಉಳಿಯಲ್ಲ ಅಂತ ಕೃಷ್ಣ ಹೇಳಿದ್ದೂ ಸುಳ್ಳಲ್ಲ. ಪ್ರಾಣ ಉಳಿಸೋಕೆ ಆಡಿದ ಸುಳ್ಳಿಗೆ ಪಾಪ ಅಂಟಲ್ಲ ಅಂತಲೂ ಅವನೇ ಹೇಳಿದ. ಸಾವಿರಾರು ಜನರ ಜೀವ ಒಂದು ಕಡೆ, ಒಂದು ಮಾತು ಇನ್ನೊಂದು ಕಡೆ.

ತಂಗಿ: ಅದೂ ಅಲ್ಲದೆ ಏಕಲವ್ಯನ ಹೆಬ್ಬೆರಳು ಕೇಳಿದ ದ್ರೋಣ ಅಲ್ವಾ ಅವನು. ಅವನ ಪರವಾಗಿ ನಾನ್ಯಾಕೆ ಅಳ್ಬೇಕು ಅಕ್ಕ?

ನಾನು: ದ್ರೋಣನಿಗಾಗಿ ಅಳು ಅಂತ ನಾನು ಹೇಳ್ತಿಲ್ಲ ಕಣೇ. ಅವನು ಮಾಡಿದ್ದಕ್ಕೆ ಅವನೇ ಹೊಣೆ. ಆದರೆ ಅವನು ಕೆಟ್ಟವನು ಅನ್ನೋದರಿಂದ ಧರ್ಮರಾಯನ ಮಾತು ಒಳ್ಳೇದಾಗಲ್ಲ. ಒಂದು ಗಮನಿಸು. ಭೀಮ ಮೊದಲೇ ಬಂದು ಕೂಗಿದ್ದ, ಅಶ್ವತ್ಥಾಮ ಸತ್ತ ಅಂತ. ಅದೂ ನಾಚಿಕೆಯಿಂದಲೇ. ದ್ರೋಣ ನಂಬಲಿಲ್ಲ. ಮೂರು ಲೋಕದ ರಾಜ್ಯ ಕೊಟ್ಟರೂ ಇವನು ಸುಳ್ಳಾಡಲ್ಲ ಅಂತ ಧರ್ಮರಾಯನ ಮೇಲೆ ಅವನಿಗೆ ನಂಬಿಕೆ ಇತ್ತು, ಅದಕ್ಕೇ ಬೇರೆ ಯಾರನ್ನೂ ಕೇಳದೆ ಅವನನ್ನೇ ಕೇಳಿದ. ಜೀವಮಾನವೆಲ್ಲ ನಿಜ ಹೇಳಿ ಗಳಿಸಿದ ನಂಬಿಕೆ ಅದು. ಆವತ್ತು ಅದನ್ನೇ ಆಯುಧ ಮಾಡಿಕೊಂಡರು. ಭೀಮನ ಸುಳ್ಳಿಗಿಂತ ಇದು ದೊಡ್ಡದು ಅನ್ನೋದು ಇದಕ್ಕೇ.

ಅತ್ತೆ: ರಥ ನೆಲಕ್ಕೆ ಇಳೀತು ಅಂತಾರಲ್ಲ

ನಾನು: ಹೌದು ಅತ್ತೆ. ಅಲ್ಲಿವರೆಗೂ ನೆಲದಿಂದ ನಾಲ್ಕು ಬೆರಳು ಮೇಲೆ ಹೋಗ್ತಿದ್ದ ರಥ ಅದು. ಆ ಮಾತು ಆಡಿದ ಮೇಲೆ ಎಲ್ಲರ ರಥದ ಹಾಗೆ ನೆಲ ಮುಟ್ಟಿತು.

ದೊಡ್ಡಪ್ಪ: ಆದರೂ ಶಿಕ್ಷೆ ಅಂತ ಏನಾಯ್ತು? ಕೊನೆಗೆ ಸದೇಹ ಸ್ವರ್ಗ ಸಿಕ್ಕಿದ್ದು ಅವನೊಬ್ಬನಿಗೇ. ನಾನು ಚಿಕ್ಕಂದಿನಿಂದ ಗದುಗಿನ ಭಾರತದ ವಾಚನ ಕೇಳಿಕೊಂಡು ಬೆಳೆದವನು. ಅದರಲ್ಲಿ ಧರ್ಮರಾಯನಿಗೆ ನರಕ ಅನ್ನೋ ಮಾತೇ ಇಲ್ಲ.

ನಾನು: ಅದರಲ್ಲಿ ಇರೋಕೆ ಆಗಲ್ಲ ದೊಡ್ಡಪ್ಪ. ಕುಮಾರವ್ಯಾಸ ಬರೆದಿದ್ದು ಹತ್ತು ಪರ್ವ, ಗದಾಪರ್ವಕ್ಕೆ ನಿಲ್ಲುತ್ತೆ. ಮಿಕ್ಕಿದ್ದನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ನಾನು ಹೇಳ್ತಿರೋದು ಹದಿನೆಂಟನೇ ಪರ್ವ, ಸ್ವರ್ಗಾರೋಹಣ. ಅಲ್ಲಿ ದೇವದೂತ ಧರ್ಮರಾಯನನ್ನ ಕೊಳೆತ ಹೆಣಗಳ ದಾರೀಲಿ ಕರ್ಕೊಂಡು ಹೋಗ್ತಾನೆ. ತಮ್ಮಂದಿರ, ದ್ರೌಪದಿಯ ನರಳಾಟ ಕೇಳಿಸುತ್ತೆ. ಆಮೇಲೆ ಇಂದ್ರ ಬಂದು ನೇರವಾಗಿ ಹೇಳ್ತಾನೆ: ಮಗನ ವಿಷಯದಲ್ಲಿ ನೀನು ದ್ರೋಣನಿಗೆ ಕಪಟದಿಂದ ನಡ್ಕೊಂಡೆ, ಅದಕ್ಕೆ ಕಪಟದಿಂದಲೇ ನಿನಗೆ ನರಕ ತೋರಿಸಿದ್ದು.

ಭಾವ: ಸರಿ, ಅಂದ್ರೆ ಅವನು ಕೆಟ್ಟವನು ಅಂತೀಯಾ?

ನಾನು: ಇಲ್ಲವೇ ಇಲ್ಲ ಭಾವ. ಅದೇ ನರಕದಲ್ಲಿ, ನನ್ನವರು ಇರೋ ಕಡೆ ನಾನೂ ಇರ್ತೀನಿ, ವಾಪಸ್ ಬರಲ್ಲ ಅಂದ ಮನುಷ್ಯ ಅವನು. ಅಷ್ಟು ದೊಡ್ಡವನಾಗಿದ್ದಕ್ಕೇ ಅವನ ತಪ್ಪನ್ನ ಜಾಣ್ಮೆ ಅಂತ ಮಕ್ಕಳಿಗೆ ಹೇಳಿಕೊಟ್ರೆ ನನಗೆ ಹೊಟ್ಟೆ ಉರಿಯುತ್ತೆ. ಮಹಾಭಾರತ ಮುಚ್ಚಿಡದೇ ಇದ್ದದ್ದನ್ನ ನಾವ್ಯಾಕೆ ಮುಚ್ಚಿಡ್ಬೇಕು?

ತಂಗಿ: ಅವನಿಗೆ ಬೇರೆ ದಾರಿ ಇತ್ತಾ ಅಕ್ಕ? ಅದನ್ನ ಹೇಳು. ದೊಡ್ಡಪ್ಪ ಹೇಳಿದ ಹಾಗೆ ಅಷ್ಟು ಜನ ಸಾಯ್ತಿದ್ರು.

ನಾನು: ನನ್ನ ತಲೆ ಕೊರೀತಿರೋದೂ ಇದೇ. ಆ ಮಾತು ಆಡೋ ಗಳಿಗೇಲಿ ಬೇರೆ ದಾರಿ ಇರಲಿಲ್ಲ ಅಂತಲೇ ಇಟ್ಕೊಳ್ಳೋಣ. ಆಮೇಲೆ? ದ್ರೋಣ ಆ ಮಾತು ಕೇಳಿದ ಕೂಡಲೇ ಸಾಯಲಿಲ್ಲ. ಕುಗ್ಗಿಹೋದ, ಆದರೂ ಇನ್ನೂ ಹೋರಾಡ್ತಿದ್ದ. ಭೀಮ ಹೋಗಿ ಹಂಗಿಸಿದ. ಆಮೇಲೆ ಬಿಲ್ಲು ಬಿಟ್ಟ, ಎಲ್ಲ ಜೀವಿಗಳಿಗೂ ಅಭಯ ಕೊಟ್ಟ, ಯೋಗದಲ್ಲಿ ಕೂತ. ಬ್ರಹ್ಮಾಸ್ತ್ರದ ಭಯ ಅಲ್ಲಿಗೆ ಮುಗೀತು. ಇನ್ನು ಯಾರ ಪ್ರಾಣ ಉಳಿಸೋಕೆ ಆ ಸುಳ್ಳು ಬೇಕಿತ್ತು? ಆಚಾರ್ಯರೇ, ನಿಮ್ಮ ಮಗ ಬದುಕಿದ್ದಾನೆ ಅಂತ ಆಗ ಹೇಳಬಹುದಿತ್ತು. ಹೇಳಲಿಲ್ಲ. ಕೊಲ್ಲಬೇಡಿ, ಜೀವಂತ ಹಿಡಿದು ತನ್ನಿ ಅಂತ ಅರ್ಜುನ ಕೂಗ್ತಿದ್ದಾಗಲೇ ಧೃಷ್ಟದ್ಯುಮ್ನ ಹೋಗಿ ತಲೆ ಕಡಿದ.

ಚಿಕ್ಕಪ್ಪ: ರಣರಂಗದಲ್ಲಿ ನಿಂತು ಹಾಗೆಲ್ಲ ಮಾತು ವಾಪಸ್ ತಗೊಳ್ಳೋಕೆ ಆಗುತ್ತೇನಮ್ಮ

ನಾನು: ಆಗುತ್ತೆ ಅಂತ ತೋರಿಸಿದ ನಾಟಕ ಒಂದಿದೆ ಚಿಕ್ಕಪ್ಪ. ಗ್ರೀಕ್ ನಾಟಕಕಾರ ಸೊಫೋಕ್ಲಿಸ್ ಬರೆದ 'ಫಿಲೊಕ್ಟೀಟಿಸ್', ಅಥೆನ್ಸ್‌ನಲ್ಲಿ ಕ್ರಿ.ಪೂ. 409ರಲ್ಲಿ ಆಡಿದ್ದು. ಹಾವು ಕಚ್ಚಿದ ಗಾಯ ನಾರ್ತಿದೆ ಅಂತ ತನ್ನವರೇ ಲೆಮ್ನಾಸ್ ದ್ವೀಪದಲ್ಲಿ ಬಿಟ್ಟು ಹೋದ ಯೋಧ ಫಿಲೊಕ್ಟೀಟಿಸ್. ಅವನ ಬಿಲ್ಲು ಇಲ್ಲದೆ ಗ್ರೀಕರಿಗೆ ಟ್ರಾಯ್ ನಗರ ಗೆಲ್ಲೋಕೆ ಆಗಲ್ಲ. ಅದನ್ನ ತರೋಕೆ ಗ್ರೀಕರ ತಂತ್ರಗಾರ ನಾಯಕ ಒಡಿಸ್ಯೂಸ್ ಆರಿಸಿಕೊಂಡಿದ್ದು ಮಹಾವೀರ ಅಖಿಲೀಸನ ಮಗ ನಿಯೊಪ್ಟೊಲೆಮಸ್‌ನ. ಯಾಕೆ ಹೇಳಿ? ಒಡಿಸ್ಯೂಸನ ಮಾತನ್ನ ಫಿಲೊಕ್ಟೀಟಿಸ್ ನಂಬಲ್ಲ, ಈ ಹುಡುಗನನ್ನ ನಂಬ್ತಾನೆ. ಹುಡುಗನಿಗೆ ಇಷ್ಟ ಇಲ್ಲ, ಮೋಸದಿಂದ ಗೆಲ್ಲೋದಕ್ಕಿಂತ ನೇರವಾಗಿ ನಡೆದು ಸೋಲೋದೇ ಮೇಲು ಅಂತಾನೆ. ಆದರೂ ಒಪ್ಪಿಕೊಂಡು ಸುಳ್ಳು ಹೇಳ್ತಾನೆ. ನೋವು ಉಕ್ಕಿ ಬಂದಾಗ ಫಿಲೊಕ್ಟೀಟಿಸ್ ನಂಬಿ ಬಿಲ್ಲು ಅವನ ಕೈಗೆ ಕೊಡ್ತಾನೆ. ಕೆಲಸ ಆಯ್ತಲ್ಲ, ಇನ್ನು ಹಡಗು ಹತ್ತಿದರೆ ಮುಗೀತು. ಆದರೆ ಹುಡುಗ ತಿರುಗಿ ಹೋಗಿ ಬಿಲ್ಲು ವಾಪಸ್ ಕೊಡ್ತಾನೆ. ಒಡಿಸ್ಯೂಸ್ ಕತ್ತಿ ಮೇಲೆ ಕೈ ಇಟ್ಟು ಹೆದರಿಸಿದರೂ ಬಗ್ಗಲ್ಲ. ಅಲ್ಲೂ ಯುದ್ಧವೇ ನಡೀತಿತ್ತು, ಅಲ್ಲೂ ಇಡೀ ಸೇನೆ ಆ ಬಿಲ್ಲಿಗೆ ಕಾಯ್ತಿತ್ತು.

ದೊಡ್ಡಪ್ಪ: ಗ್ರೀಕರ ಕಥೇಲಿ ಕೊನೆಗೆ ದೇವರು ಬಂದು ಸರಿ ಮಾಡ್ತಾನೆ. ನಮ್ಮಲ್ಲಿ ದೇವರೇ ಪಕ್ಕದಲ್ಲಿ ನಿಂತು, ಸುಳ್ಳು ಹೇಳು ಅಂದ. ಅದಕ್ಕೇನು ಹೇಳ್ತೀಯ?

ನಾನು: ಕೃಷ್ಣ ಹೇಳಿದ ಅಂತ ಧರ್ಮರಾಯನ ಹೊಣೆ ಕಮ್ಮಿ ಆಗಿದ್ರೆ ಇಂದ್ರ ಆ ಮಾತು ಆಡ್ತಿರಲಿಲ್ಲ ದೊಡ್ಡಪ್ಪ. ಕೃಷ್ಣ ಹೇಳಿದ ಉಪಾಯ ಅರ್ಜುನನಿಗೆ ಹಿಡಿಸಲಿಲ್ಲ ಅಂತಲೂ ದ್ರೋಣಪರ್ವದಲ್ಲೇ ಇದೆ. ಒಪ್ಪದೇ ಇರೋದು ಸಾಧ್ಯ ಇತ್ತು ಅಂತ ತಾನೆ ಅದರರ್ಥ?

ತಂಗಿ: ಹಿಡಿಸಲಿಲ್ಲ ಸರಿ, ಆದರೆ ಅರ್ಜುನನೂ ಹೋಗಿ ದ್ರೋಣನಿಗೆ ನಿಜ ಹೇಳಲಿಲ್ಲವಲ್ಲ ಅಕ್ಕ. ಅವನಿಗೇ ಪ್ರೀತಿಯ ಗುರು.

ನಾನು: ಹೇಳಲಿಲ್ಲ. ಅದನ್ನ ಅವನೇ ಆಮೇಲೆ ಅಣ್ಣನ ಮುಂದೆ ಒಪ್ಪಿಕೊಳ್ತಾನೆ. ವಾಲಿಯನ್ನ ಕೊಂದು ರಾಮನಿಗೆ ಬಂದ ಹಾಗೆ ದ್ರೋಣನನ್ನ ಕೊಂದ ಅಪಕೀರ್ತಿ ಬಹಳ ಕಾಲ ಉಳಿಯುತ್ತೆ ಅಂತಾನೆ. ಅಷ್ಟಕ್ಕೇ ನಿಲ್ಲಲ್ಲ. ರಾಜ್ಯದ ಆಸೆಗೆ ಗುರುವಿನ ಕೊಲೆಯನ್ನ ನೋಡ್ತಾ ನಿಂತೆ, ತಲೆಕೆಳಗಾಗಿ ನರಕಕ್ಕೆ ಬಿದ್ದಾಯ್ತು ನಾನು ಅಂತಾನೆ.

ದೊಡ್ಡಪ್ಪ: ಅದಕ್ಕೆ ಭೀಮ ಕೊಟ್ಟ ಉತ್ತರಾನೂ ಓದು ಮಗೂ. ಕಾಡಿನ ಮುನಿ ಹಾಗೆ ಧರ್ಮ ಹೇಳಬೇಡ, ದ್ರೌಪದಿಯನ್ನ ಸಭೆಗೆ ಎಳೆದು ತಂದಿದ್ದು ಮರೆತೆಯಾ ಅಂತ ಕೇಳ್ತಾನೆ. ಆ ಸಭೆಯಲ್ಲಿ ದ್ರೋಣ ಕೂತಿದ್ದ. ತುಟಿ ಬಿಚ್ಚಲಿಲ್ಲ.

ನಾನು: ಬಿಚ್ಚಲಿಲ್ಲ ದೊಡ್ಡಪ್ಪ, ಖಂಡಿತ ಒಪ್ತೀನಿ. ಆ ಮೌನಕ್ಕೆ ದ್ರೋಣನನ್ನ ಎಷ್ಟು ಬೇಕಾದರೂ ಬಯ್ಯಿರಿ, ನಾನೂ ಸೇರ್ತೀನಿ. ಆದರೆ ಈ ಸುಳ್ಳಿನ ಬೆಲೆ ತೆತ್ತೋರು ಯಾರು ನೋಡಿ. ಅಪ್ಪನನ್ನ ಹೀಗೆ ಕೊಂದರು ಅನ್ನೋ ಸಿಟ್ಟಲ್ಲೇ ಅಶ್ವತ್ಥಾಮ ರಾತ್ರಿ ಬಿಡಾರಕ್ಕೆ ನುಗ್ಗಿದ್ದು. ಆ ರಾತ್ರಿ ಸತ್ತವರಲ್ಲಿ ಐದು ಜನ ಅದೇ ದ್ರೌಪದಿಯ ಮಕ್ಕಳು.

ಅತ್ತೆ: ಪಾಪ ಆ ತಾಯಿ. ಸಭೇಲೂ ಅವಳೇ, ಇಲ್ಲೂ ಅವಳೇ.

ಭಾವ: ಆ ಚಿತ್ರ ಅಳಿಸಿದ್ದೀನಿ. ಆದರೆ ದೊಡ್ಡಪ್ಪ ಕೇಳಿದ ಸೈನಿಕರ ಪ್ರಾಣದ ಪ್ರಶ್ನೆ ನನಗಿನ್ನೂ ಬಗೆಹರಿದಿಲ್ಲ.