ಅಪ್‌ಡೇಟ್: 20ನೇ ತಾರೀಕಿಗೇ ಮುಗಿಯುತ್ತಿದ್ದ ಸಂಬಳದ ಲೆಕ್ಕ ಸಿಕ್ಕಿತು

ಎರಡು ತಿಂಗಳ ಹಿಂದೆ ಕೇಳಿದ್ದೆ: 28,000 ರೂಪಾಯಿ ಸಂಬಳದಲ್ಲಿ ಬಾಡಿಗೆ ಕಟ್ಟಿ, ಊರಿಗೆ ಕಳುಹಿಸಿದ ಮೇಲೆ ಉಳಿದದ್ದು 20ನೇ ತಾರೀಕಿನೊಳಗೆ ಕರಗುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೂ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ, ಏನು ಮಾಡಲಿ ಎಂದು. ಖರ್ಚು ಬರೆಯಲು ಜೇಬಿನಲ್ಲಿ ಹಿಡಿಯುವ ಪುಸ್ತಕ ಇಟ್ಟುಕೊಳ್ಳಿ ಎಂದವರಿಗೆ ನಾನು ಋಣಿ.

ಗುಟ್ಟು ಇದ್ದದ್ದು ಯುಪಿಐ ಲೈಟ್‌ನಲ್ಲಿ, ಅಂದರೆ ಫೋನಿನ ಪಾವತಿ ಆ್ಯಪ್‌ನೊಳಗಿನ ಸಣ್ಣ ವಾಲೆಟ್‌ನಲ್ಲಿ. ಅದಕ್ಕೆ ಒಮ್ಮೆ ಹಣ ತುಂಬಿಸಿದರೆ ಸಣ್ಣ ಪಾವತಿಗಳಿಗೆ ಪಿನ್ ಬೇಕಿಲ್ಲ. ಆದರೆ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ತುಂಬಿಸಿದ ಮೊತ್ತವಷ್ಟೇ. ಅದರಿಂದ ಕೊಟ್ಟ ಚಹಾ, ಬಾಳೆಹಣ್ಣು, ಆಟೊ ಯಾವುದೂ ಅಲ್ಲಿರುವುದಿಲ್ಲ. ನಾನು ವಾರಕ್ಕೆ ಎರಡು ಬಾರಿ ಸಾವಿರ ಸಾವಿರ ತುಂಬಿಸುತ್ತಿದ್ದೆ!

ಮೊದಲ ವಾರ ರಾತ್ರಿ ನೆನಪಿಸಿಕೊಂಡು ಬರೆದೆ. ದಿನಕ್ಕೆ ಮೂರ್ನಾಲ್ಕು ಖರ್ಚು ಬಿಟ್ಟುಹೋಗುತ್ತಿದ್ದವು. ಈಗ ಹಣ ಕೊಟ್ಟ ಜಾಗದಲ್ಲೇ ನಿಂತು ಬರೆಯುತ್ತೇನೆ. ಒಂದು ಪುಟ ಹೀಗಿದೆ: ‘ಚಹಾ 15. ಮತ್ತೆ ಚಹಾ 15. ಮಳೆ, ಆಟೊ 90. ತಿಂಡಿ ಇಬ್ಬರಿಗೆ 140.’ ಮೊತ್ತದ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ, ದಯವಿಟ್ಟು. ಕಳೆದ ತಿಂಗಳು ಆಟೊಗೆ 2,310 ರೂಪಾಯಿ ಹೋಗಿತ್ತು. ‘ಮಳೆ’ ಎಂದು ಬರೆದದ್ದು ನಾಲ್ಕೇ ದಿನ. ಈ ಲೆಕ್ಕ ನೋಡಿದ ಮರುದಿನವೇ ಬಸ್ ಪಾಸ್ ಮಾಡಿಸಿದೆ.

ಚಹಾ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಇಂದು 27. ಖಾತೆಯಲ್ಲಿ 3,400 ರೂಪಾಯಿ ಇದೆ. ಅಮ್ಮನ ಕನ್ನಡಕದ ಗಾಜು ಬದಲಿಸಲು ಅದನ್ನು ತೆಗೆದಿಟ್ಟಿದ್ದೇನೆ.