ಅಂಗಾಲಿನ ಕಪ್ಪು ಮಚ್ಚೆ: ಸುಡಿಸುವುದೋ, ತೆಗೆದು ಪರೀಕ್ಷೆಗೆ ಕೊಡುವುದೋ?

ಪ್ರಶ್ನೆ

ಅಪ್ಪನ ಹಿಮ್ಮಡಿಯ ಪಕ್ಕ ಒಂದು ಕಪ್ಪು ಮಚ್ಚೆ ಇದೆ. ಒಂದು ವರ್ಷದಲ್ಲಿ 4 ಮಿ.ಮೀ. ಇದ್ದದ್ದು 9 ಮಿ.ಮೀ. ಆಗಿದೆ. ಒಂದು ಬದಿ ಕಡುಕಪ್ಪು, ಇನ್ನೊಂದು ಬದಿ ಕಂದು. ನೋವಿಲ್ಲ, ತುರಿಕೆಯಿಲ್ಲ. ಕಾಲಾಣಿ ಇರಬೇಕು, ಲೇಸರ್‌ನಲ್ಲಿ ಸುಡಿಸಿ ಎಂದು ಒಬ್ಬರು ಹೇಳಿದರೆ, ಕಪ್ಪು ಮೈಬಣ್ಣದವರಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ತಿಳಿದವರು ದಯವಿಟ್ಟು ದಾರಿ ಹೇಳಿ.

ಉತ್ತರ 1 (ಚರ್ಮರೋಗ ವಿಭಾಗ)

ಸುಡಿಸಬೇಡಿ. ಲೇಸರ್, ಕಾಟರಿ (ವಿದ್ಯುತ್ ಕಾವಿನಿಂದ ಸುಡುವುದು), ಮಚ್ಚೆ ಉದುರಿಸುವ ಆಸಿಡ್ ಯಾವುದೂ ಬೇಡ. ಸುಟ್ಟ ಮೇಲೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಲು ಏನೂ ಉಳಿಯುವುದಿಲ್ಲ. ಮೇಲೆ ಗಾಯ ಮಾಯ್ದು ಎಲ್ಲ ಸರಿಹೋದಂತೆ ಕಾಣುತ್ತದೆ, ಅಡಿಯಲ್ಲಿ ಉಳಿದದ್ದು ಬೆಳೆಯುತ್ತಲೇ ಇರುತ್ತದೆ.

ಮೆಲನೋಮ ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳ ಕ್ಯಾನ್ಸರ್. ಮಚ್ಚೆಯ ನಡುವೆ ಗೆರೆ ಎಳೆದರೆ ಎರಡು ಪಾಲು ಹೊಂದದಿರುವುದು, ಅಂಚು ಏರುಪೇರಾಗಿರುವುದು, ಒಂದರಲ್ಲೇ ಎರಡು ಮೂರು ಬಣ್ಣ, 6 ಮಿ.ಮೀ. ಮೀರಿದ ಅಗಲ, ದಿನಕಳೆದಂತೆ ಬದಲಾವಣೆ: ಈ ಐದನ್ನು ನೋಡುತ್ತೇವೆ. ನನ್ನ ಮಟ್ಟಿಗೆ ಕೊನೆಯದರ ತೂಕವೇ ಹೆಚ್ಚು. ನಿಮ್ಮ ತಂದೆಯವರ ಮಚ್ಚೆಯಲ್ಲಿ ಕೊನೆಯ ಮೂರೂ ಇವೆ. ನೋವಿಲ್ಲ ಎಂಬುದನ್ನು ಸಮಾಧಾನವೆಂದು ಎಣಿಸಬೇಡಿ, ಶುರುವಿನಲ್ಲಿ ಇದು ನೋಯುವುದು ಅಪರೂಪ.

ಈ ಐದಕ್ಕೂ ಸಿಕ್ಕದ ನೋಡ್ಯುಲರ್ ಎಂಬ ಬಗೆಯೂ ಇದೆ. ಗುಂಡಗೆ, ಗಟ್ಟಿಯಾಗಿ ಉಬ್ಬಿ, ವಾರಗಳಲ್ಲೇ ಬೆಳೆಯುತ್ತದೆ. ಕೆಲವೊಮ್ಮೆ ಕಪ್ಪೇ ಇರುವುದಿಲ್ಲ, ಗುಲಾಬಿ ಬಣ್ಣದ ಗುಳ್ಳೆಯಂತಿರುತ್ತದೆ.

ಮೈಬಣ್ಣದ ವಿಷಯ: ಕಪ್ಪು ಚರ್ಮದವರಲ್ಲಿ ಮೆಲನೋಮ ಕಡಿಮೆ, ಆದರೆ ಬಂದಾಗ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲೇ. ಅಲ್ಲಿ ಬಿಸಿಲು ಮುಖ್ಯ ಕಾರಣವಲ್ಲ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಬಂದದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ಉತ್ತರ 2 (ಡರ್ಮೋಸ್ಕೋಪಿ ಮಾಡುವವರು)

ಕಾಲಾಣಿಯೋ ಅಲ್ಲವೋ ಎಂದು ತಿಳಿಯಲು ವೈದ್ಯರು ಮೇಲಿನ ಒರಟು ಪದರವನ್ನು ಬ್ಲೇಡಿನಿಂದ ತೆಳುವಾಗಿ ಹೆರೆಯುತ್ತಾರೆ. ಆಣಿಯಾದರೆ ನಡುವೆ ಗಾಜಿನಂಥ ತಿರುಳು ಕಾಣುತ್ತದೆ. ಹೆಪ್ಪುಗಟ್ಟಿದ ರಕ್ತವಾದರೆ ಪದರದ ಜತೆಗೇ ಬಂದುಬಿಡುತ್ತದೆ. ಬಣ್ಣ ಹಾಗೇ ಉಳಿದರೆ ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿ ಹಿಡಿದು ನೋಡಬೇಕು. ಅಂಗಾಲಿನ ಚರ್ಮದಲ್ಲಿ ಏರಿಯೂ ತೋಡೂ ಸಾಲಾಗಿರುತ್ತವಲ್ಲ, ಬಣ್ಣ ತೋಡಿನಲ್ಲಿದ್ದರೆ ಸಾಮಾನ್ಯವಾಗಿ ನಿರಪಾಯದ ಮಚ್ಚೆ. ಏರಿಯ ಮೇಲೆ ಕೂತಿದ್ದರೆ ಬಯಾಪ್ಸಿಗೆ (ತುಣುಕು ತೆಗೆದು ಪರೀಕ್ಷಿಸುವುದಕ್ಕೆ) ತಡಮಾಡಬಾರದು. ಇದನ್ನು ಮನೆಯಲ್ಲಿ ಹೆರೆದು ನೋಡಲು ಹೋಗಬೇಡಿ.

ಉಗುರಿನ ವಿಷಯವನ್ನೂ ಸೇರಿಸುತ್ತೇನೆ. ಪೆಟ್ಟಿನ ರಕ್ತದ ಕಲೆ ಉಗುರಿನ ಜತೆ ಮುಂದೆ ಸರಿಯುತ್ತದೆ, ಕೈಯಲ್ಲಿ ತಿಂಗಳಿಗೆ ಸುಮಾರು 3 ಮಿ.ಮೀ. ಕಾಲಿನಲ್ಲಿ ಅದರ ಅರ್ಧದಷ್ಟು. ಬುಡದಲ್ಲಿ ತಿಳಿಯಾದ ಹೊಸ ಉಗುರು ಬರುತ್ತದೆ. ಸರಿಯದೆ ನಿಂತು ಅಗಲವಾಗುವ ಕಪ್ಪು ಪಟ್ಟೆ, ಉಗುರಿನ ಬುಡದ ಚರ್ಮಕ್ಕೂ ಇಳಿದ ಕಪ್ಪು, ಇವೆರಡು ಅಪಾಯದ ಗುರುತು.

ಉತ್ತರ 3 (ಪೆಥಾಲಜಿ)

ಸಾಧ್ಯವಾದರೆ ಇಡೀ ಮಚ್ಚೆಯನ್ನು ಸುತ್ತ 1ರಿಂದ 3 ಮಿ.ಮೀ. ಅಂಚು ಸೇರಿಸಿ, ಅಡಿಯ ಕೊಬ್ಬಿನವರೆಗೆ ತೆಗೆಸಿ. ಅಂಗಾಲಿನಲ್ಲಿ ಗಾಯ ಮುಚ್ಚುವುದು ಕಷ್ಟವಾದರೆ ಅತಿ ದಪ್ಪಗಿರುವ ಅಥವಾ ಅತಿ ಕಪ್ಪಗಿರುವ ಜಾಗದಿಂದ ಪಂಚ್ ಬಯಾಪ್ಸಿ ಮಾಡುತ್ತಾರೆ, ಅಂದರೆ ಕೊಳವೆಯಂಥ ಬ್ಲೇಡಿನಿಂದ ಸಣ್ಣ ತುಣುಕು ತೆಗೆಯುತ್ತಾರೆ. ಆ ತುಣುಕಿನಲ್ಲಿ ಕ್ಯಾನ್ಸರ್ ಕಾಣದೆ ಅನುಮಾನ ಮಾತ್ರ ಉಳಿದರೆ ಇನ್ನೊಮ್ಮೆ ತೆಗೆಯಲೇಬೇಕು. ಮೇಲೆಮೇಲೆ ಸವರಿ ತೆಗೆದರೆ ಗಡ್ಡೆ ನಡುವೆಯೇ ತುಂಡಾಗುತ್ತದೆ. ಎಷ್ಟು ಆಳ ಇಳಿದಿತ್ತೆಂದು ಆಮೇಲೆ ಅಳೆಯಲು ಬರುವುದಿಲ್ಲ.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬೇಡ, ಅದು ನಿಜವಲ್ಲ.

ವರದಿಯಲ್ಲಿ ಮೊದಲು ಹುಡುಕಬೇಕಾದ ಪದ ಬ್ರೆಸ್ಲೋ ದಪ್ಪ: ಮೇಲ್ಚರ್ಮದ ಗ್ರಾನ್ಯುಲರ್ ಪದರದಿಂದ ಅತಿ ಆಳದ ಕ್ಯಾನ್ಸರ್ ಕೋಶದವರೆಗಿನ ಅಳತೆ, ಮಿ.ಮೀ.ಗಳಲ್ಲಿ. ಅಗಲಕ್ಕಿಂತ ಇದೇ ಮುಖ್ಯ. 1, 2, 4 ಮಿ.ಮೀ. ಇಲ್ಲಿ ಅಪಾಯ ಏರುವ ಮೆಟ್ಟಿಲುಗಳು. ಹುಣ್ಣಾಗಿದೆಯೇ, ಕೋಶ ವಿಭಜನೆಯ ಪ್ರಮಾಣವೆಷ್ಟು, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂಬುದೂ ಬರೆದಿರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಕೇಳಿದವರು ಮತ್ತೆ: ಬಯಾಪ್ಸಿಗೆ ಮೊದಲೇ ಪೆಟ್ ಸ್ಕ್ಯಾನ್ (ದೇಹದಲ್ಲಿ ಕ್ಯಾನ್ಸರ್ ಹರಡಿದೆಯೇ ಎಂದು ನೋಡುವ ಸ್ಕ್ಯಾನ್) ಮಾಡಿಸಲೇ?

ಉತ್ತರ 4 (ಕ್ಯಾನ್ಸರ್ ಶಸ್ತ್ರಚಿಕಿತ್ಸೆ)

ಬೇಡ. ತೆಳುವಾದ ಮೆಲನೋಮಕ್ಕೆ ಸ್ಕ್ಯಾನಿನಿಂದ ಲಾಭವಿಲ್ಲ. ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) ಕ್ಯಾನ್ಸರಿನ ಕೆಲವೇ ಕೋಶಗಳಿದ್ದರೆ ಅದು ಹಿಡಿಯುವುದೂ ಇಲ್ಲ.

ಮೆಲನೋಮ ಎಂದು ಖಚಿತವಾದರೆ ಆ ಜಾಗವನ್ನು ಇನ್ನಷ್ಟು ಅಗಲಕ್ಕೆ ತೆಗೆಯುತ್ತೇವೆ. ಮೇಲ್ಪದರದಲ್ಲೇ ಇದ್ದರೆ ಸುತ್ತಲೂ ಅರ್ಧದಿಂದ 1 ಸೆಂ.ಮೀ., 1 ಮಿ.ಮೀ. ದಪ್ಪದವರೆಗೆ 1 ಸೆಂ.ಮೀ., 1ರಿಂದ 2 ಮಿ.ಮೀ.ಗೆ 1ರಿಂದ 2 ಸೆಂ.ಮೀ., ಅದಕ್ಕೂ ದಪ್ಪವಾದರೆ 2 ಸೆಂ.ಮೀ. ಹಿಮ್ಮಡಿಯಲ್ಲಿ ಹೊಲಿಗೆಗೆ ಚರ್ಮ ಸಾಲದೆ ಕಸಿ ಬೇಕಾಗಬಹುದು. ನಡೆಯಲು ವಾರಗಳೇ ಹಿಡಿಯುತ್ತವೆ, ಮೊದಲೇ ಸಿದ್ಧರಾಗಿರಿ.

ದಪ್ಪ 1 ಮಿ.ಮೀ. ಮೀರಿದ್ದರೆ ಸೆಂಟಿನೆಲ್ ಗ್ರಂಥಿಯ ಬಯಾಪ್ಸಿ ಬೇಕು, 0.8ರಿಂದ 1ರ ನಡುವೆ ಇದ್ದರೆ ಚರ್ಚಿಸಿ ತೀರ್ಮಾನಿಸುವುದು. ಮಚ್ಚೆಯಿದ್ದ ಜಾಗಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು ಮತ್ತು ನೀಲಿ ಬಣ್ಣ ಚುಚ್ಚಿ, ಅದು ಮೊದಲು ಸೇರುವ ಗ್ರಂಥಿಯನ್ನು ತೆಗೆದು ನೋಡುತ್ತಾರೆ. ಕಾಲಿನದು ಸಾಮಾನ್ಯವಾಗಿ ತೊಡೆಸಂದಿಗೆ, ಕೆಲವೊಮ್ಮೆ ಮಂಡಿಯ ಹಿಂಭಾಗಕ್ಕೂ ಹೋಗುತ್ತದೆ. ಅಗಲವಾಗಿ ತೆಗೆಯುವ ದಿನವೇ ಇದನ್ನೂ ಮಾಡಿಸಿ. ಚರ್ಮ ಕತ್ತರಿಸಿ ಕಸಿ ಮಾಡಿದ ಮೇಲೆ ದುಗ್ಧರಸದ ದಾರಿ ಬದಲಾಗಿ ಲೆಕ್ಕ ತಪ್ಪುತ್ತದೆ. ಆ ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡರೆ ಮೊದಲೆಲ್ಲ ಉಳಿದ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಅದರಿಂದ ಆಯಸ್ಸು ಹೆಚ್ಚುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದ ಮೇಲೆ, ಅಲ್ಟ್ರಾಸೌಂಡಿನಲ್ಲಿ ಗಮನಿಸುತ್ತಾ ಹೋಗುವುದೇ ಹೆಚ್ಚು. ಕಾಲು ಬಾವು ಬರುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಉತ್ತರ 5 (ಕ್ಯಾನ್ಸರ್ ಔಷಧ ವಿಭಾಗದ ನರ್ಸ್)

ಗ್ರಂಥಿಗೆ ಅಥವಾ ಬೇರೆ ಅಂಗಕ್ಕೆ ಹರಡಿದ್ದರೆ ಬಿಆರ್‌ಎಎಫ್ ಜೀನ್ ಪರೀಕ್ಷೆ ಮಾಡಿಸಿ. ಆ ಜೀನಿನಲ್ಲಿ ಬದಲಾವಣೆ ಇದ್ದರೆ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಮಾತ್ರೆಗಳ ಜೋಡಿ ಕೆಲಸ ಮಾಡುತ್ತದೆ. ಇದರಲ್ಲಿ ಜ್ವರ ಬರುವುದು ತುಂಬ ಸಾಮಾನ್ಯ. ಅಂಗಾಲಿನ ಬಗೆಯಲ್ಲಿ ಆ ಬದಲಾವಣೆ ಕಡಿಮೆ, ಹಾಗಾಗಿ ಕಿಟ್ ಎಂಬ ಇನ್ನೊಂದು ಜೀನಿನ ಪರೀಕ್ಷೆಯನ್ನೂ ಕೇಳಿ. ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಎಂಬ ಔಷಧಗಳು ನಮ್ಮದೇ ರೋಗನಿರೋಧಕ ಕೋಶಗಳ ಮೇಲಿನ ತಡೆ ಬಿಡಿಸುತ್ತವೆ. 2014ರಲ್ಲಿ ಇವು ಬಳಕೆಗೆ ಬಂದ ಮೇಲೆ ಹರಡಿದ ಮೆಲನೋಮದವರೂ ಹಲವು ವರ್ಷ ಬದುಕುತ್ತಿದ್ದಾರೆ. ಆದರೆ ಅಂಗಾಲಿನ ಬಗೆ ಇವಕ್ಕೆ ಅಷ್ಟಾಗಿ ಮಣಿಯುವುದಿಲ್ಲ ಎಂಬುದನ್ನು ಮುಚ್ಚಿಡಬಾರದು.

ತಡೆ ಬಿಟ್ಟ ಕೋಶಗಳು ಒಳ್ಳೆಯ ಅಂಗಗಳ ಮೇಲೂ ಬೀಳುತ್ತವೆ. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ, ಹೊಸದಾಗಿ ಒಣಕೆಮ್ಮು, ಏದುಸಿರು ಬಂದರೆ, ಕಣ್ಣು ಹಳದಿಯಾದರೆ, ತಾಳಲಾರದ ಸುಸ್ತು ಅಥವಾ ತಲೆನೋವು ಬಂದರೆ ಅದೇ ದಿನ ಫೋನ್ ಮಾಡಿ. ಭೇದಿ ನಿಲ್ಲಿಸುವ ಮಾತ್ರೆ ನುಂಗಿ ಕಾಯಬೇಡಿ. ಇದಕ್ಕೆ ಬೇಕಾಗುವುದು ಸಾಮಾನ್ಯವಾಗಿ ಸ್ಟೀರಾಯ್ಡ್. ಕೊನೆಯ ಡೋಸ್ ಆಗಿ ತಿಂಗಳುಗಳು ಕಳೆದ ಮೇಲೂ ಇವು ಬರಬಹುದು. ಔಷಧದ ಹೆಸರು ಬರೆದ ಚೀಟಿ ಅಪ್ಪನ ಜೇಬಿನಲ್ಲೇ ಇರಲಿ, ಬೇರೆ ಯಾವ ವೈದ್ಯರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸಿ.