ಲಾಂಗ್ ರನ್ (ವಾರದ ದೂರದ ಓಟ) ಇದ್ದಾಗ ಪಂದಿಕರಿ (ಕೊಡಗಿನ ಹಂದಿಮಾಂಸದ ಸಾರು) ತಿನ್ನಬಹುದಾ? ಸಂಜೆಯ ಬಾಯಿಚಪಲಕ್ಕೆ ಏನು ಮಾಡೋದು?

ಪ್ರಶ್ನೆ (ಗೋಣಿಕೊಪ್ಪದಿಂದ): ಮೇಡಂ, ನನ್ನ ತೂಕ 62 ಕೆ.ಜಿ. ಹಾಫ್ ಮ್ಯಾರಥಾನ್‌ಗೆ (21 ಕಿ.ಮೀ. ಓಟ) ಇನ್ನು 9 ವಾರ ಇದೆ. ವಾರಕ್ಕೆ ನಾಲ್ಕು ದಿನ ಓಡ್ತೀನಿ, ಭಾನುವಾರ 14 ಕಿ.ಮೀ. ಬೆಳಿಗ್ಗೆ ಎರಡು ಅಕ್ಕಿ ಒಟ್ಟಿ (ರೊಟ್ಟಿ), ಬೆಲ್ಲದ ಕಾಫಿ. ಮಧ್ಯಾಹ್ನ ಅನ್ನ ಬಿಟ್ಟಿದ್ದೀನಿ, ಬರೀ ಸೌತೆಕಾಯಿ, ಕ್ಯಾರೆಟ್, ಮೊಸರು. ರಾತ್ರಿ ಒಂದು ಒಟ್ಟಿ, ಪಲ್ಯ. ಆದರೂ ಸಂಜೆ ಏಳಾದರೆ ಸಾಕು, ಬೇಕರಿ ಪಫ್ಸು, ಬಾಳೆಕಾಯಿ ಚಿಪ್ಸು ತಿನ್ನದೆ ಇರೋಕಾಗಲ್ಲ. ನಮ್ಮ ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ಬೇರೆ ಬಂತು. ಪಂದಿಕರಿ, ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಪೂರ್ತಿ ಬಿಡಬೇಕಾ?

ಉತ್ತರ (ಆಹಾರ ತಜ್ಞೆ): ಬಿಡಬೇಡಿ. ಸರಿಯಾಗಬೇಕಾದ್ದು ನಿಮ್ಮ ಮಧ್ಯಾಹ್ನದ ಊಟ.

ಓಡುವ ದಿನ ಕೆ.ಜಿ. ತೂಕಕ್ಕೆ 5 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಬೇಕು, ಅಂದರೆ ನಿಮಗೆ ಸುಮಾರು 310 ಗ್ರಾಂ. ನೀವು ಬರೆದಿರುವ ಊಟದಲ್ಲಿ ಸಿಗುವುದು ಹೆಚ್ಚೆಂದರೆ 120. ಒಂದು ಕಿಲೋಮೀಟರ್ ಓಟಕ್ಕೆ ಕೆ.ಜಿ. ತೂಕಕ್ಕೆ ಸುಮಾರು 1 ಕ್ಯಾಲೊರಿ ಖರ್ಚಾಗುತ್ತದೆ. ಭಾನುವಾರದ 14 ಕಿ.ಮೀ.ಗೇ 870ರ ಹತ್ತಿರ. ದಿನವಿಡೀ ಅರೆಹೊಟ್ಟೆಯಲ್ಲಿಟ್ಟ ಮೈ ಸಂಜೆ ಏಳಕ್ಕೆ ಬಾಕಿ ವಸೂಲಿಗೆ ನಿಲ್ಲುತ್ತದೆ. ಅದನ್ನು ಮನಸ್ಸಿನ ದೌರ್ಬಲ್ಯ ಅಂದುಕೊಳ್ಳಬೇಡಿ, ಅದು ಹಸಿವು.

ಓಡುವ ದಿನ ಹೀಗೆ ಮಾಡಿ ನೋಡಿ. ಹೊರಡುವ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು, ಬೆಲ್ಲದ ಕಾಫಿ. ಓಡಿ ಬಂದ ಒಂದು ಗಂಟೆಯೊಳಗೆ ಮೂರು ಒಟ್ಟಿ, ಮೂರು ಮೊಟ್ಟೆ. ಮಧ್ಯಾಹ್ನ 300 ಗ್ರಾಂ ಅನ್ನ, ಬೇಳೆ ಸಾರು, ಪಲ್ಯ, ಮೊಸರು. ಅತಿ ಮುಖ್ಯವಾದದ್ದು ಸಂಜೆ ನಾಲ್ಕೂವರೆಯದು: ಒಂದು ಹಿಡಿ ಬೇಯಿಸಿದ ಕಡಲೆಕಾಳು, ಜೊತೆಗೆ ಬಾಳೆಹಣ್ಣು. ಇದು ತಪ್ಪಿದ ದಿನವೇ ಕಾಲು ಬೇಕರಿ ಕಡೆ ತಿರುಗುತ್ತದೆ. ರಾತ್ರಿ ಎರಡು ಒಟ್ಟಿ, ಕೋಳಿ ಅಥವಾ ಕಾಳಿನ ಸಾರು. ಪ್ರೋಟೀನ್ ದಿನಕ್ಕೆ 85ರಿಂದ 100 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ ಮಾತ್ರ, ಹಾಗಾಗಿ ಪ್ರತಿ ಊಟಕ್ಕೂ ಕಾಳು, ಮೊಸರು, ಮೀನು, ಕೋಳಿ ಯಾವುದಾದರೊಂದು ಇರಲಿ. ಓಡದ ದಿನ ಮಧ್ಯಾಹ್ನದ ಅನ್ನ ಅರ್ಧ ಮಾಡಿ. ಎರಡು ವಾರ ಹೀಗೆ ತಿಂದ ಮೇಲೂ ಚಿಪ್ಸ್ ಬೇಕೆನಿಸಿದರೆ ಒಂದು ಸಣ್ಣ ಬಟ್ಟಲಿಗೆ ಹಾಕಿಕೊಂಡು ಕೂತು ತಿನ್ನಿ, ಪ್ಯಾಕೆಟ್‌ನಿಂದ ನೇರ ಬೇಡ.

ಪಂದಿಕರಿಯ ವಿಷಯಕ್ಕೆ ಬಂದರೆ, ಯಾವಾಗ ತಿನ್ನುತ್ತೀರಿ ಅನ್ನುವುದೇ ಮುಖ್ಯ. ಶನಿವಾರ ರಾತ್ರಿ ಬೇಡ. ಕೊಬ್ಬು ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಐದೂವರೆಗೆ ಓಡಿದರೆ ಹುಳಿತೇಗು, ಎದೆಯುರಿ, ನಡುದಾರಿಯಲ್ಲಿ ಹೊಟ್ಟೆ ಕಲಕುವುದು. ಭಾನುವಾರ ಓಡಿ ಬಂದು, ತಿಂಡಿ ತಿಂದು, ಮಧ್ಯಾಹ್ನದ ಊಟಕ್ಕೆ ನಾಲ್ಕೈದು ಕಡಂಬುಟ್ಟು ಹಾಕಿಕೊಳ್ಳಿ. 50 ಗ್ರಾಂ ತೂಗುವ ಒಂದು ಕಡಂಬುಟ್ಟಿನಲ್ಲಿ 14 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇರುತ್ತದೆ. ಖರ್ಚಾದದ್ದನ್ನು ತುಂಬಲು ಇದಕ್ಕಿಂತ ಒಳ್ಳೆಯದು ಹುಡುಕಬೇಕಾಗಿಲ್ಲ.

ಚರ್ಮ, ಕೊಬ್ಬು ಎಲ್ಲ ಕತ್ತರಿಸಿ ಬರೀ ಮಾಂಸ ಬೇಯಿಸಬೇಡಿ, ರುಚಿ ಕೆಟ್ಟು ಸಂಜೆ ಮತ್ತೆ ಬೇರೇನೋ ಹುಡುಕುತ್ತೀರಿ. ಒಗ್ಗರಣೆಗೆ ಬೇರೆ ಎಣ್ಣೆ ಹಾಕದೆ ಹಿಂದಿನ ದಿನವೇ ಮಾಡಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ. ಚಮಚದ ತುದಿ ತೂರಿಸಿ ಎತ್ತಿದರೆ ಬಿಲ್ಲೆಯಂತೆ ಏಳುತ್ತದೆ, ಕೆಳಗೆ ಕಪ್ಪು ಮಸಾಲೆ ಹಾಗೇ ಉಳಿಯುತ್ತದೆ. ಹಾಗೆ ತೆಗೆದ ಪ್ರತಿ ದೊಡ್ಡ ಚಮಚಕ್ಕೆ 115 ಕ್ಯಾಲೊರಿ ಕಡಿಮೆ. ಮತ್ತೆ ಕುದಿಸಿ, ಇಳಿಸುವ ಮುಂಚೆ ಕಾಚಂಪುಳಿ (ಹುಳಿ ಹಣ್ಣಿನ ರಸ ಕಾಯಿಸಿ ಗಟ್ಟಿ ಮಾಡಿದ ಕಪ್ಪು ಹುಳಿ) ಬಿಡಿ. ಮಾರನೇ ದಿನದ ಪಂದಿಕರಿಗೇ ರುಚಿ ಜಾಸ್ತಿ ಅನ್ನುವುದು ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಮುಟ್ಟು ಮೂರು ತಿಂಗಳು ನಿಂತಿದ್ದರೆ, ಅಥವಾ ಕಾಲಿನ ಮೂಳೆಯಲ್ಲಿ ಒಂದೇ ಜಾಗದಲ್ಲಿ ನೋವಿದ್ದರೆ ಓಟ ನಿಲ್ಲಿಸಿ ಡಾಕ್ಟರನ್ನು ಕಾಣಿ. ಕಡಿಮೆ ತಿಂದು ಹೆಚ್ಚು ಓಡುವವರಲ್ಲಿ ಇವೆರಡೂ ಆಗುತ್ತವೆ.

ಪ್ರಶ್ನೆ (ಸೋಮವಾರಪೇಟೆಯಿಂದ): ಮೇಡಂ, ದಿನಾ ಒಂದು ಚಮಚ ಕಾಚಂಪುಳಿ ಕುಡಿದರೆ ಕೊಬ್ಬು ಕರಗುತ್ತೆ ಅಂತಾರಲ್ಲ? ಮತ್ತೆ ಓಡೋ ಮುಂಚೆ ಕಾಫಿ ಎಷ್ಟು ಕುಡಿಬಹುದು?

ಉತ್ತರ (ಆಹಾರ ತಜ್ಞೆ): ಕರಗುವುದಿಲ್ಲ ಸರ್. ಅಡುಗೆಗೆ ಹಾಕುವಷ್ಟು ಹಾಕಿ, ಬರಿಹೊಟ್ಟೆಗೆ ಕುಡಿದರೆ ಎದೆಯುರಿಯಷ್ಟೇ ಲಾಭ. ಅದೇ ಹಣ್ಣಿನ ಸಾರದಿಂದ ಮಾಡಿದ, ತೂಕ ಇಳಿಸಲೆಂದು ಮಾರುವ ಗಾರ್ಸಿನಿಯಾ ಮಾತ್ರೆ ನುಂಗಿ ಯಕೃತ್ತು ಕೆಡಿಸಿಕೊಂಡವರಿದ್ದಾರೆ, ಅದನ್ನಂತೂ ಮುಟ್ಟಬೇಡಿ.

ಕಾಫಿ ಓಟಕ್ಕೆ ನಿಜವಾಗಿ ಸಹಾಯ ಮಾಡುತ್ತದೆ. ಕೆ.ಜಿ. ತೂಕಕ್ಕೆ 3 ಮಿಲಿಗ್ರಾಂ ಕೆಫೀನ್, 45ರಿಂದ 60 ನಿಮಿಷ ಮೊದಲು. ರೋಬಸ್ಟಾ ತಳಿಯ ಕಾಫಿಯಲ್ಲಿ ಅರೇಬಿಕಾ ತಳಿಯದಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇರುವುದರಿಂದ, ಮನೆಯ ಪುಡಿ ಯಾವುದೆಂದು ನೋಡಿಕೊಳ್ಳಿ. ಗಟ್ಟಿ ರೋಬಸ್ಟಾ ಒಂದು ಲೋಟ ಸಾಕು. ಊಟದ ಜೊತೆಗೆ ಮಾತ್ರ ಕಾಫಿ ಬೇಡ, ಊಟದ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಅಂತರ ಇರಲಿ.

ಓಟದ ಕೋಚ್: ಒಂದು ಸೇರಿಸ್ತೀನಿ. ಓಟ ಒಂದೂವರೆ ಗಂಟೆ ದಾಟುವ ದಿನ ದಾರಿಯಲ್ಲೇ ಗಂಟೆಗೆ 30 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಸಿಹಿಯ ಆಸೆ ತಡೆಯಲಾಗದಷ್ಟಾಗುತ್ತದೆ. ಅರ್ಧ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಜೇನು, ಎರಡು ಚಿಟಿಕೆ ಉಪ್ಪು. ಕೆಲವರಿಗೆ ಜೇನಿನಿಂದ ಹೊಟ್ಟೆ ಉಬ್ಬರಿಸುತ್ತದೆ, ಅವರು ಅಷ್ಟೇ ಬೆಲ್ಲ ಕರಗಿಸಿ ಸೋಸಿಕೊಳ್ಳಲಿ. ಯಾವುದನ್ನೂ ರೇಸ್ ದಿನ ಮೊದಲ ಸಲ ಕುಡಿಯಬೇಡಿ, ಕನಿಷ್ಠ ಮೂರು ಭಾನುವಾರ ಪರೀಕ್ಷಿಸಿ. ರೇಸ್ ಹಿಂದಿನ ರಾತ್ರಿ ನೂಲ್‌ಪುಟ್ಟು (ಅಕ್ಕಿ ಶಾವಿಗೆ), ತೆಳು ಕೋಳಿಸಾರು. ನಾರು ಹೆಚ್ಚಿರುವ ಕಣಿಲೆ (ಎಳೆ ಬಿದಿರು), ಕಾಳು ಆ ರಾತ್ರಿ ಬೇಡ.

ಪ್ರಶ್ನೆ (ಗೋಣಿಕೊಪ್ಪದಿಂದ): ಕೈಲ್‌ಪೊಳ್ದ್ ಮಾರನೇ ದಿನವೇ ಲಾಂಗ್ ರನ್ ಬಂದರೆ?

ಓಟದ ಕೋಚ್: ಒಂದು ದಿನ ಮುಂದೆ ಹಾಕಿ. ಹಬ್ಬದಲ್ಲಿ ಮದ್ಯ ತೆಗೆದುಕೊಂಡಿದ್ದರಂತೂ ಮಾರನೇ ದಿನ ಅರ್ಧ ಗಂಟೆ ನಡಿಗೆ, ಮೂರು ಲೀಟರ್‌ನಷ್ಟು ನೀರು, ಅಷ್ಟೇ.